ಮೂರು ಮಕ್ಕಳನ್ನು ಸೈಕಲ್ಲಿನಲ್ಲಿ ಕರೆದೊಯ್ಯಲಿರುವ ಅಣ್ಣನ ಮಗಳಿಗೆ

ಉಟ್ರೆಕ್ಟ್, ನೆದರ್ಲೆಂಡ್ಸ್

ಚಿ. ಸೌ. ಪುಟ್ಟಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಮಕ್ಕಳ ಗಲಾಟೆಯಲ್ಲಿ ನೀನು ಅರ್ಧ ಕೇಳಿಸಿಕೊಂಡು ಅರ್ಧ ಬಿಡುತ್ತೀಯ. ಇದು ಅರ್ಧ ಕೇಳುವ ವಿಷಯ ಅಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಅಳಿಯಂದಿರನ್ನೂ ಕೂರಿಸಿಕೊಂಡು ಓದು.

ಕಾರು ತಗೊಳ್ಳಲಾ, ಸೈಕಲ್ಲೇ ಸಾಕಾ ಅಂತ ಕೇಳಿದೆಯಲ್ಲ. ಸೈಕಲ್ಲೇ ಸಾಕು. ಮೇರ್‌ಹೋವನ್‌ನ ಮನೆಯಿಂದ ವೆಲ್ಡ್‌ಹೋವನ್‌ನ ನಿನ್ನ ಆಫೀಸಿಗೆ, ನಡುವೆ ಸ್ಕೂಲು, ಕ್ರೆಶ್. ಇಷ್ಟಕ್ಕೆ ಕಾರು ಬೇಡ. ಅತ್ತಿಗೆ ನನಗೂ ಫೋನ್ ಮಾಡಿ, 'ಮೂರು ಕೂಸು ಕಟ್ಟಿಕೊಂಡು ಸೈಕಲ್ ತುಳೀತಾಳಂತೆ, ನೀನಾದ್ರೂ ಬುದ್ಧಿ ಹೇಳಬಾರದಾ' ಅಂತ ಗೋಳಾಡಿದರು. ಅವರ ಭಯ ಸುಳ್ಳಲ್ಲ. ಅವರ ಕಣ್ಣಲ್ಲಿರುವುದು ಹಾಸನದ ಬಿ.ಎಂ. ರಸ್ತೆ. ನಿನ್ನ ಮನೆ ಮುಂದಿನ ಕೆಂಪು ಡಾಂಬರಿನ ದಾರಿಯನ್ನು ಅವರು ನೋಡಿಲ್ಲ. ಒಂದು ದಿನ ಬೆಳಿಗ್ಗೆ ಫೋನಿನ ಕ್ಯಾಮೆರಾದಲ್ಲಿ ಆ ದಾರಿಯನ್ನು ಉದ್ದಕ್ಕೂ ತೋರಿಸು. ನಿಂತುಕೊಂಡು ತೋರಿಸು, ಸೈಕಲ್ ಮೇಲಲ್ಲ. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವುದನ್ನು ಇಲ್ಲಿ 2019ರ ಜುಲೈನಿಂದಲೇ ನಿಷೇಧಿಸಿದ್ದಾರೆ.

ಆ ದಾರಿ ತಾನಾಗಿ ಬಂದದ್ದಲ್ಲ ಕಣೇ. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗೆ ಇಳಿದರು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತಲೇ ಆ ಚಳವಳಿಗೆ ಹೆಸರಿಟ್ಟರು. 1973ರಲ್ಲಿ ಪೆಟ್ರೋಲಿಗೆ ಬರ ಬಂದು ಭಾನುವಾರ ಕಾರು ತೆಗೆಯಬೇಡಿ ಅಂತ ಸರ್ಕಾರವೇ ಹೇಳಿತು. ಖಾಲಿ ರಸ್ತೆಯಲ್ಲಿ ಮಕ್ಕಳು ಆಡುವುದನ್ನು ಜನ ಕಣ್ಣಾರೆ ಕಂಡರು. ಸೈಕಲ್ ದಾರಿಗಳು ಆಮೇಲೆ ಒಂದೊಂದಾಗಿ ಬಂದವು. ನೀನು ಮೂರು ಮಕ್ಕಳ ಭಾರ ಹೊತ್ತು ನಿಧಾನಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಬೆಲ್ ಹೊಡೆಯುತ್ತಾರೆ. ಗಾಬರಿಯಾಗಬೇಡ. ಬಲಕ್ಕೆ ಸರಿದು ನಿನ್ನ ಪಾಡಿಗೆ ಹೋಗು. ಆ ದಾರಿ ಮಾಡಿದ್ದೇ ನಿನ್ನಂಥವರಿಗಾಗಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎಲ್ಲರೂ ಸೈಕಲ್ ಓಡುವಾಗ ಏನಾದೀತು ಅಂತ ಹೆದರುತ್ತಾರೆ. ಆದರೆ ಮಕ್ಕಳನ್ನು ಕೂರಿಸಿದ ಸೈಕಲ್ ಬೀಳುವುದು ಹೆಚ್ಚಾಗಿ ನಿಂತಾಗ. ಹತ್ತಿಸುವಾಗ, ಇಳಿಸುವಾಗ, ಮರೆತ ಊಟದ ಡಬ್ಬಿ ತರಲು ಒಂದೇ ನಿಮಿಷ ಅಂತ ಒಳಗೆ ಓಡಿದಾಗ. ನಾನು ಇಷ್ಟು ವರ್ಷ ಸ್ಕೂಲಿನ ಗೇಟಿನ ಮುಂದೆ ನಿಂತು ನೋಡಿದ್ದು ಅದನ್ನೇ. ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಅಮ್ಮ ಹಿಂದಕ್ಕೆ ತಿರುಗುತ್ತಾಳೆ. ಮಗು ಒಂದು ಕಡೆ ವಾಲುತ್ತದೆ, ಹ್ಯಾಂಡಲ್ ಗಿರ್ರನೆ ತಿರುಗುತ್ತದೆ, ಸ್ಟ್ಯಾಂಡ್ ಜಾರುತ್ತದೆ. ಬೆಲ್ಟ್ ಹಾಕಿದ್ದರಿಂದ ಮಗು ಸೈಕಲ್ ಸಮೇತ ನೆಲಕ್ಕೆ. ಅದಕ್ಕೇ ಹಿಂದಿನ ಸೀಟಿನ ಮಗು ಮೊದಲು ಹತ್ತಬೇಕು, ಮುಂದಿನದು ಕೊನೆಗೆ. ಇಳಿಸುವಾಗ ಮುಂದಿನದು ಮೊದಲು. ಒಂದು ಮಗು ಹತ್ತಿದೆ ಅಂದರೆ ನಿನ್ನ ಒಂದು ಕೈ ಸೈಕಲ್ ಬಿಡಕೂಡದು. ಮನೆ ಬೀಗ, ಚೀಲ, ಡಬ್ಬಿ, ಡೈಪರ್, ಎಲ್ಲ ಮುಗಿದ ಮೇಲೆ ಮಕ್ಕಳ ಸರದಿ. ಸ್ಟ್ಯಾಂಡ್ ಎರಡೂ ಕಡೆ ಕಾಲು ಚಾಚುವಂಥದ್ದು, ಅಗಲದ್ದು ಇರಲಿ. ಹ್ಯಾಂಡಲ್ ತಿರುಗದಂತೆ ಹಿಡಿಯುವ ಲಾಕ್ ಸಿಗುತ್ತದೆ, ಹಾಕಿಸು. ಇದಕ್ಕೆ ದುಡ್ಡಿನ ಮುಖ ನೋಡಬೇಡ.

ಹತ್ತಿಸುವುದಕ್ಕೆ ಸಮಯ ಇಟ್ಟುಕೋ ಅಂದರೆ ನೀನು ಎಂಟೂವರೆಗೆ ಮೀಟಿಂಗ್ ಅನ್ನುತ್ತೀಯ. ಮೀಟಿಂಗನ್ನು ಮುಂದಕ್ಕೆ ಹಾಕಿಸು. ಮಕ್ಕಳನ್ನು ಬಿಡಬೇಕು ಅಂದರೆ ಈ ದೇಶದಲ್ಲಿ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ನೀನು ಕೇಳುವುದಕ್ಕೇ ಸಂಕೋಚ ಪಡುತ್ತೀಯ, ಅದು ನನಗೆ ಗೊತ್ತು.

ಇನ್ನು ಯಾವ ಸೈಕಲ್. ಇಲ್ಲಿನ ಕಾನೂನಿನ ಪ್ರಕಾರ 8 ವರ್ಷದೊಳಗಿನ ಮಗುವಿಗೆ ಬೆನ್ನು, ಕೈ, ಕಾಲು ಮೂರಕ್ಕೂ ಆಸರೆ ಇರುವ ಸೀಟು ಬೇಕು. ದೊಡ್ಡವನಿಗೆ ಆರು ತುಂಬಿದೆ ಅಂತ ಬರೀ ಕ್ಯಾರಿಯರ್ ಮೇಲೆ ಕೂರಿಸುವಂತಿಲ್ಲ. ಮುಂದೆ ಹ್ಯಾಂಡಲ್ ಹತ್ತಿರ ಕೂರಿಸುವ ಸೀಟು ಸಾಮಾನ್ಯವಾಗಿ 15 ಕೆಜಿವರೆಗೆ, ಹಿಂದಿನದು 22 ಕೆಜಿವರೆಗೆ. ಕೂಸಿಗೆ ಹತ್ತು ತಿಂಗಳು, ಗಟ್ಟಿಯಾಗಿ ಕೂರುತ್ತಾಳೆ, ಅವಳು ಮುಂದೆ ಸರಿ. ಮೂರೂವರೆ ವರ್ಷದವಳು ಹಿಂದೆ. ದೊಡ್ಡವನು ತನ್ನ ಸೈಕಲ್ಲಿನಲ್ಲಿ. ಬೆಳಿಗ್ಗೆ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಸಂಜೆ ಆರು ಗಂಟೆಗೆ, ಮಳೆಯಲ್ಲಿ, ಎದುರುಗಾಳಿಯಲ್ಲಿ ಆ ಹುಡುಗ 'ನನ್ನ ಕೈಲಿ ಆಗಲ್ಲಮ್ಮ' ಅಂತ ನಡುದಾರಿಯಲ್ಲಿ ನಿಂತುಬಿಟ್ಟರೆ ಏನು ಮಾಡುತ್ತೀಯ? ಸೈಕಲ್ಲನ್ನು ಆ ಸಂಜೆಗೆ ತಕ್ಕ ಹಾಗೆ ಆರಿಸಬೇಕು. ಮೂವರೂ ಕೂರುವ ಜಾಗ ಇರಲೇಬೇಕು.

ಅದಕ್ಕೇ ನನ್ನ ಮನಸ್ಸು ಬಕ್‌ಫೀಟ್ಸ್ ಕಡೆ, ಅಂದರೆ ಮುಂದೆ ಪೆಟ್ಟಿಗೆ ಇರುವ ಸೈಕಲ್. ಮೋಟಾರ್ ಇರುವುದನ್ನೇ ತಗೋ. ಗಾಡಿಯೇ ಐವತ್ತು ಕೆಜಿ ಹತ್ತಿರ ತೂಗುತ್ತದೆ, ಅದರ ಮೇಲೆ ಮಕ್ಕಳು, ಚೀಲಗಳು. ಮೂರು ಚಕ್ರದ್ದಾ, ಎರಡು ಚಕ್ರದ್ದಾ? ಮೂರು ಚಕ್ರದ್ದು ನಿಂತಾಗ ಭದ್ರ. ಆದರೆ ತಿರುವಿನಲ್ಲಿ ಸ್ವಲ್ಪ ವೇಗ ಜಾಸ್ತಿಯಾದರೂ ಒಂದು ಚಕ್ರ ಮೇಲೇಳುತ್ತದೆ. ಎರಡು ಚಕ್ರದ್ದು ಮಾಮೂಲಿ ಸೈಕಲ್ಲಿನ ಹಾಗೆ ವಾಲಿ ತಿರುಗುತ್ತದೆ. ನೀನು ಆ ಹೋವನ್‌ರಿಂಗ್ ಹತ್ತಿ ಇಳಿಯಬೇಕು. 2012ರಲ್ಲಿ ತೆರೆದದ್ದು ಅದು, ಕಾರು ರಸ್ತೆಯ ಮೇಲೆ ಕೇಬಲ್ಲುಗಳಲ್ಲಿ ತೂಗುಬಿಟ್ಟ 72 ಮೀಟರ್ ಅಗಲದ, ಬಳೆಯಂಥ ಸೈಕಲ್ ಸೇತುವೆ. ನೋಡಲು ಚೆಂದ. ಆದರೆ ನಿನಗೆ ಅದು ಒಂದು ಏರು, ಒಂದು ತಿರುವು, ಒಂದು ಇಳಿಜಾರು. ಹಾಗಾಗಿ ನಿನಗೆ ಎರಡು ಚಕ್ರದ್ದೇ ಒಳ್ಳೆಯದು ಅನ್ನಿಸುತ್ತದೆ.

ಮೊದಮೊದಲು ಕೈ ನಡುಗುತ್ತದೆ. ಮುಂದಿನ ಚಕ್ರ ಎಲ್ಲೋ ದೂರದಲ್ಲಿರುತ್ತದಲ್ಲ, ಕಣ್ಣು ಅದರ ಮೇಲೇ ಹೋಗುತ್ತದೆ. ಚಕ್ರ ನೋಡಬೇಡ, ದಾರಿ ನೋಡು. ಮಕ್ಕಳನ್ನು ಕೂರಿಸುವ ಮುಂಚೆ ಇಂಡಿಯನ್ ಅಂಗಡಿಯ ಹತ್ತು ಕೆಜಿ ಅಕ್ಕಿ ಚೀಲಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವಕ್ಕೂ ಬೆಲ್ಟ್ ಕಟ್ಟಿ, ಖಾಲಿ ಪಾರ್ಕಿಂಗ್ ಜಾಗದಲ್ಲಿ ಸುತ್ತು ಹೊಡೆ. ನಿಲ್ಲಿಸುವುದನ್ನೂ ಹೊರಡುವುದನ್ನೂ ಜಾಸ್ತಿ ಅಭ್ಯಾಸ ಮಾಡು. ಅಕ್ಕಿ ಅಲುಗಾಡುವುದಿಲ್ಲ, ಮಕ್ಕಳು ಅಲುಗಾಡುತ್ತಾರೆ. ಆದ್ದರಿಂದ ಆಮೇಲೆ ದೊಡ್ಡವನೊಬ್ಬನನ್ನೇ ಕೂರಿಸಿಕೊಂಡು ಹೋಗು, ಬೇಕಂತಲೇ ಕುಣಿಯಲು ಹೇಳು.

ಹೊಸದು ದುಬಾರಿ, ಗೊತ್ತು. ಹಳೆಯದು ತಗೊಂಡರೂ ಆಗುತ್ತದೆ, ಆದರೆ ಕಣ್ಣು ಮುಚ್ಚಿ ತಗೋಬೇಡ. 2024ರ ಫೆಬ್ರವರಿಯಲ್ಲಿ ಬಾಬೂ ಕಂಪನಿಯ ಬಕ್‌ಫೀಟ್ಸ್‌ಗಳ ಫ್ರೇಮ್ ಮುರಿಯಬಹುದು ಅಂತ ಇಲ್ಲಿನ ಸುರಕ್ಷತಾ ಇಲಾಖೆ ಮಾರಾಟವನ್ನೇ ನಿಲ್ಲಿಸಿತು, ಮಾರಿದ್ದನ್ನು ವಾಪಸ್ ಪಡೆಯಲು ಹೇಳಿತು. ಯಾವ ಕಂಪನಿಯದಾದರೂ ಸರಿ, ಮಾಡೆಲ್ ಹೆಸರು, ಫ್ರೇಮ್ ನಂಬರ್ ಎರಡನ್ನೂ ಬರೆದುಕೊಂಡು ವಿಚಾರಿಸು. ಪೆಟ್ಟಿಗೆಯ ಕೆಳಗೆ ಬಗ್ಗಿ, ಬೆಸುಗೆ ಹಾಕಿದ ಕಡೆ ಟಾರ್ಚ್ ಬಿಟ್ಟು ನೋಡು. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟು ಬಾ. ಅದು ಎಷ್ಟೇ ಅಗ್ಗಕ್ಕೆ ಸಿಗಲಿ.

ಬ್ರೇಕಿನ ವಿಷಯದಲ್ಲಿ ನನಗೆ ಹಟ ಇದೆ. ಆಸ್ ಊರು ನಿಮ್ಮ ಪ್ರಾಂತ್ಯದಲ್ಲೇ ಇದೆ. 2018ರ ಸೆಪ್ಟೆಂಬರ್ 20ರಂದು ಅಲ್ಲಿನ ರೈಲ್ವೆ ಗೇಟಿನಲ್ಲಿ ನಾಲ್ಕು ಮಕ್ಕಳು ತೀರಿಕೊಂಡರು. ಅದು ಸೈಕಲ್ ಅಲ್ಲ, ಮಕ್ಕಳನ್ನು ಸ್ಕೂಲಿಗೆ ಬಿಡಲು ಬಳಸುತ್ತಿದ್ದ ಎಲೆಕ್ಟ್ರಿಕ್ ಗಾಡಿ; ಗೇಟಿನ ಮುಂದೆ ನಿಲ್ಲದೆ ಹಳಿಗೆ ನುಗ್ಗಿತು. ಆಮೇಲೆ ಆ ಗಾಡಿಗಳನ್ನೇ ರಸ್ತೆಯಿಂದ ತೆಗೆಸಿದರು. ಆ ದಿನದ ಸುದ್ದಿ ನೆನೆದರೆ ನನಗೆ ಈಗಲೂ ಹೊಟ್ಟೆ ಹಿಂಡುತ್ತದೆ. ಭಾನುವಾರ ಸಂಜೆ ಐದು ನಿಮಿಷ ಕೊಡು: ಎರಡೂ ಬ್ರೇಕ್ ಒತ್ತಿ ನೋಡು, ಟೈರಿನ ಗಾಳಿ ನೋಡು, ದೀಪ ಹಚ್ಚಿ ನೋಡು. ರೈಲ್ವೆ ಗೇಟಿನ ಘಂಟೆ ಕೇಳಿದರೆ ದೂರದಲ್ಲೇ ನಿಲ್ಲು.

ಇನ್ನೊಂದು, ಚಕ್ರದ ಕಡ್ಡಿಗಳು. ಹಿಂದಿನ ಸೀಟಿನಲ್ಲಿ ಕೂತ ಮಗುವಿನ ಪಾದ ಕಡ್ಡಿಗೆ ಸಿಕ್ಕಿ ಚರ್ಮ ಕಿತ್ತು, ಮೂಳೆ ಮುರಿದು ಆಸ್ಪತ್ರೆಗೆ ಹೋಗುವುದು ಇಲ್ಲಿ ಮಾಮೂಲು. ಅಳಿಯಂದಿರ ಸೈಕಲ್ಲಿಗೆ ಹಿಂದಿನ ಸೀಟು ಹಾಕಿಸಿದರೆ ಪಾದದ ಪಟ್ಟಿ ಹಾಕದೆ ಒಂದು ಹೆಜ್ಜೆಯೂ ಬೇಡ. ಮಗು ಬೆಳೆದ ಹಾಗೆ ಪಾದದ ಹಲಗೆ ಇಳಿಸಬೇಕು, ಇಲ್ಲದಿದ್ದರೆ ಮೊಣಕಾಲು ಮಡಿಸಿ ಸಾಕಾಗಿ ಕಾಲು ಹೊರಗೆ ಚಾಚುತ್ತದೆ. ಚಕ್ರದ ಎರಡೂ ಬದಿಗೆ ಹೊದಿಕೆ ಇರಲಿ. ನಿನ್ನ ದುಪಟ್ಟಾ ಬಿಗಿಯಾಗಿ ಕಟ್ಟಿಕೋ, ಅಥವಾ ಚೀಲಕ್ಕೆ ಹಾಕು. ಯುಗಾದಿಗೆ ಸೀರೆ ಉಟ್ಟು ಹೋಗುವ ದಿನ ಸೆರಗು ಕೋಟಿನ ಒಳಗೆ.

ಹೆಲ್ಮೆಟ್ ಬಗ್ಗೆ ನಿನಗೆ ಎರಡು ಮಾತು ಕೇಳಿಬರುತ್ತದೆ. ಇಲ್ಲಿ ಕಾನೂನು ಕೇಳುವುದಿಲ್ಲ, ಇಲ್ಲಿನ ಅಮ್ಮಂದಿರು ಬಹಳ ಜನ ಹಾಕುವುದಿಲ್ಲ. ಭಾರತದಲ್ಲಿ 2023ರ ಫೆಬ್ರವರಿಯಿಂದ ಸ್ಕೂಟರ್ ಮೇಲೆ ಕೂರುವ 4 ವರ್ಷದೊಳಗಿನ ಮಗುವಿಗೂ ಹೆಲ್ಮೆಟ್, ಬೆಲ್ಟ್ ಬೇಕು ಅಂತ ನಿಯಮ ಬಂದಿದೆ. ನಾನು ಹೇಳುವುದು, ಹಾಕು. ತಲೆಗೆ ಸರಿಯಾದ ಅಳತೆ, ಗಲ್ಲದ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ. ದೊಡ್ಡವನು ಸ್ನೇಹಿತರು ಯಾರೂ ಹಾಕಲ್ಲ ಅಂತ ರಗಳೆ ಮಾಡುತ್ತಾನೆ. ನೀನೂ ಹಾಕಿಕೊಂಡರೆ ರಗಳೆ ಬೇಗ ಮುಗಿಯುತ್ತದೆ.

ಅವನು ತಾನೇ ತುಳಿಯುವ ದಿನ ನಿನ್ನ ಬಲಗಡೆ ಇರಲಿ, ಅರ್ಧ ಸೈಕಲ್ ಮುಂದೆ. ಆಗ ವಾಹನಗಳು ಬರುವ ಕಡೆ ನೀನಿರುತ್ತೀಯ, ಅವನು ಕಣ್ಣಿಗೂ ಬೀಳುತ್ತಾನೆ. ಜೋಡಿಯಾಗಿ ಹೋಗಲು ಇಲ್ಲಿ ಅನುಮತಿ ಇದೆ. ನೆಲದ ಮೇಲಿನ ಬಿಳಿ ತ್ರಿಕೋನಗಳನ್ನು ತೋರಿಸಿ, ಅದರ ಚೂಪು ನಮ್ಮ ಕಡೆ ಇದ್ದರೆ ನಾವು ದಾರಿ ಬಿಡಬೇಕು ಅಂತ ಈಗಿನಿಂದಲೇ ಹೇಳಿಕೊಡು. ಹತ್ತು-ಹನ್ನೊಂದನೇ ವಯಸ್ಸಿಗೆ ಸ್ಕೂಲಿನಲ್ಲೇ ಸೈಕಲ್ ಪರೀಕ್ಷೆ ಇಡುತ್ತಾರೆ. ಅಷ್ಟು ಹೊತ್ತಿಗೆ ಅವನಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭವಾಗಿರುತ್ತದೆ. ಲಾರಿ ನಿಂತಿದ್ದರೆ ಅದರ ಬಲಗಡೆ ನುಸುಳಬೇಡ, ಹಿಂದೆಯೇ ನಿಲ್ಲು. ಬಲಕ್ಕೆ ತಿರುಗುವ ಲಾರಿಯ ಡ್ರೈವರ್‌ಗೆ ನೀನು ಕಾಣುವುದಿಲ್ಲ.

ಚಳಿಯ ಬಗ್ಗೆ ಹೇಳಲೇಬೇಕು. ನೀನು ತುಳಿದು ಬೆವರುತ್ತೀಯ, ಮಕ್ಕಳು ಸುಮ್ನೆ ಕೂತು ಮರಗಟ್ಟುತ್ತಾರೆ. ನಿನ್ನ ಮೈಯನ್ನು ನೋಡಿಕೊಂಡು ಅವರಿಗೆ ಬಟ್ಟೆ ಹಾಕಬೇಡ. ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡು. ಪೆಟ್ಟಿಗೆಗೆ ಮಳೆ ಹೊದಿಕೆ ಹಾಕಿದರೆ ಒಳಗೆ ಬೆಚ್ಚಗಿರುತ್ತದೆ, ಆದರೆ ಒಳಗಿನದು ನಿನಗೆ ಸರಿಯಾಗಿ ಕಾಣಿಸುವುದಿಲ್ಲ, ಕೇಳಿಸುವುದಿಲ್ಲ. ಅದಕ್ಕೇ ಓಡುವ ಗಾಡಿಯಲ್ಲಿ ದ್ರಾಕ್ಷಿ, ಕಡಲೆಬೀಜ ಬೇಡವೇ ಬೇಡ. ಗಂಟಲಲ್ಲಿ ಸಿಕ್ಕಿಕೊಂಡರೆ ನಿನಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ತಿನ್ನುವುದೆಲ್ಲ ಇಳಿದ ಮೇಲೆ.

ಮಂಜು ಗಡ್ಡೆಗಟ್ಟಿದ ಬೆಳಿಗ್ಗೆ ಸೈಕಲ್ ತೆಗೆಯಬೇಡ. ಬಸ್ಸಿದೆ. ಜ್ವರ ಬಂದ ದಿನ, ರಾತ್ರಿಯಿಡೀ ಕೂಸು ನಿನ್ನನ್ನು ಮಲಗಲು ಬಿಡದ ದಿನವೂ ಅಷ್ಟೆ. ನಿದ್ದೆಗಣ್ಣಿನಲ್ಲಿ ಮೂರು ಜೀವ ಹೊತ್ತು ಹೊರಡಬೇಡ. ಅಳಿಯಂದಿರಿಗೆ ಹೇಳುತ್ತೇನೆ: ಇದನ್ನು ಪುಟ್ಟಿಯೊಬ್ಬಳ ಕೆಲಸ ಅಂತ ಬಿಡಬೇಡಿ ಅಪ್ಪಾ. ವಾರದಲ್ಲಿ ಒಂದು ದಿನ ರಜೆ ಇಟ್ಟುಕೊಂಡು ಮಕ್ಕಳನ್ನು ನೋಡಿಕೊಳ್ಳುವ ಅಪ್ಪಂದಿರು ಈ ದೇಶದಲ್ಲಿ ಬೇಕಾದಷ್ಟು ಇದ್ದಾರೆ. ಬಕ್‌ಫೀಟ್ಸ್ ನೋಡಲು ಹೋಗುವಾಗ ಇಬ್ಬರೂ ಹೋಗಿ, ಇಬ್ಬರೂ ಓಡಿಸಿ ನೋಡಿ. ನಿಮ್ಮ ಎತ್ತರಕ್ಕೂ ಅವಳ ಎತ್ತರಕ್ಕೂ ಸೀಟು ಏರಿಳಿಸಲು ಬರುತ್ತದಾ ಅಂತ ಕೇಳಿ.

ಮುಂದಿನ ಶನಿವಾರ ನಾನು ರೈಲಿನಲ್ಲಿ ಬರುತ್ತೇನೆ. ಸಾರಿನ ಪುಡಿ ಮಾಡಿಟ್ಟಿದ್ದೇನೆ, ನನ್ನ ಮಕ್ಕಳ ಹಳೆಯ ಮಳೆ ಪ್ಯಾಂಟುಗಳನ್ನೂ ತರುತ್ತೇನೆ. ಅಷ್ಟರಲ್ಲಿ ನಿಮ್ಮ ಹಿತ್ತಲ ಗೇಟು, ಶೆಡ್ಡಿನ ಬಾಗಿಲು ಎರಡರ ಅಗಲವನ್ನೂ ಟೇಪಿನಿಂದ ಅಳೆದು ಬರೆದಿಡು. ಶೆಡ್ಡಿನ ಒಳಗಿನ ಉದ್ದವನ್ನೂ ಅಳೆ, ಬಕ್‌ಫೀಟ್ಸ್ ಎರಡೂವರೆ ಮೀಟರ್ ಉದ್ದ ಇರುತ್ತದೆ. ಚಾರ್ಜ್ ಮಾಡಲು ಒಳಗೆ ಪ್ಲಗ್ ಇದೆಯಾ ನೋಡು. ಅಂಗಡಿಗೆ ಒಟ್ಟಿಗೆ ಹೋಗೋಣ, ಮಕ್ಕಳನ್ನು ನಾನು ಹಿಡಿದುಕೊಳ್ಳುತ್ತೇನೆ.

ಇತಿ ನಿನ್ನ ಅತ್ತೆ