ಕೊಂದವರು ಯಾರು, ತಿಂದವರು ಯಾರು?

ಶಿರಾ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಂ.ಎ. ಪ್ರಬಂಧಕ್ಕೆ ಶಿಲಾಯುಗದ ಬೇಟೆಯ ವಿಷಯ ತಗೊಂಡಿದ್ದೀಯಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಖುಷಿಯಾಯಿತು. ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಸತ್ತ ದನ, ಕುರಿ ಕೊಯ್ದು ನೋಡಿದವನು ನಾನು. ಅದಕ್ಕೇ ಒಂದು ಮಾತು. ಮೂಳೆಯ ಮೇಲೆ ಗಾಯ ಕಂಡ ಕೂಡಲೇ ಬೇಟೆ ಅಂತ ಬರೆದುಬಿಡಬೇಡ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಆ ತಪ್ಪು ಮಾಡಿದೆ. ಮಧುಗಿರಿ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಸತ್ತಿತ್ತು. ಕತ್ತಿನಲ್ಲಿ ಹಲ್ಲಿನ ತೂತು, ಹೊಟ್ಟೆ ಬಗೆದಿತ್ತು. ಚಿರತೆ ಕೊಂದಿದೆ ಅಂತ ಬರೆದುಕೊಟ್ಟೆ. ಹಿರಿಯ ಡಾಕ್ಟರು ಬಂದು ಕತ್ತಿನ ಚರ್ಮ ಸುಲಿದು ತೋರಿಸಿದರು. ತೂತಿನ ಸುತ್ತ ರಕ್ತ ಹೆಪ್ಪುಗಟ್ಟಿರಲೇ ಇಲ್ಲ. ಕುರಿ ಕರುಳುಬೇನೆಯಿಂದ ಸತ್ತಿತ್ತು, ನಾಯಿಗಳು ಕಚ್ಚಿದ್ದು ಆಮೇಲೆ. ಲಸಿಕೆ ತಡವಾಗಿ ಇನ್ನೂ ಏಳು ಕುರಿ ಹೋದವು. ಆ ಹಟ್ಟಿಯ ಹೆಂಗಸಿನ ಮುಖ ಇವತ್ತಿಗೂ ಮರೆತಿಲ್ಲ.

ನಿನ್ನ ಮೂಳೆಗಳಲ್ಲಿ ರಕ್ತ ಸಿಗುವುದಿಲ್ಲ, ಗೀರು ಸಿಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸಿನಲ್ಲಿ ನೋಡು. ಕಲ್ಲಿನ ಚೂರಿಯ ಗೀರು ಕಿರಿದು, ಒಳಗೆ ಕೂದಲಿನಂಥ ಗೆರೆಗಳು. ಹಲ್ಲಿನ ಗುರುತು ಅಗಲ, ಅದರ ತಳ ಗುಂಡಗೆ. ಎರಡೂ ಒಂದೇ ಕಡೆ ಬಿದ್ದಿದ್ದರೆ ಯಾವುದು ಯಾವುದನ್ನು ಕಡಿದು ಹೋಗಿದೆ ನೋಡು. ಮೊದಲು ಬಂದವರು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ. ಟಾಂಜಾನಿಯಾದ ಓಲ್ಡುವಾಯ್ ಕಣಿವೆಯ ಮೂಳೆಗಳ ಬಗ್ಗೆ ವಿದ್ವಾಂಸರು ಎಷ್ಟೋ ವರ್ಷ ವಾದ ಮಾಡಿದ್ದು ಇದಕ್ಕೇ: ಮನುಷ್ಯನೇ ಬೇಟೆಯಾಡಿದನೋ, ಕಾಡುಮೃಗ ತಿಂದು ಬಿಟ್ಟದ್ದಕ್ಕೆ ಕೈ ಹಾಕಿದನೋ? ತೊಡೆ ಮೂಳೆಯ ನಡುಭಾಗವನ್ನು ಬಿಡದೆ ನೋಡು. ಮಾಂಸ ಜಾಸ್ತಿ ಇರುವುದು ಅಲ್ಲಿ, ಮೃಗ ಬೇಗನೆ ತಿಂದು ಮುಗಿಸುವುದೂ ಅದನ್ನೇ. ಅಲ್ಲಿ ಚೂರಿಯ ಗೀರು ತುಂಬಾ ಇದ್ದರೆ ಮನುಷ್ಯ ತಡವಾಗಿ ಬಂದವನಲ್ಲ.

ಧೈರ್ಯವಾಗಿ ಬೇಟೆ ಅನ್ನಬಹುದಾದ ಮೂಳೆಗಳೂ ಇವೆ. ಜರ್ಮನಿಯ ನಾಯ್‌ಮಾರ್ಕ್-ನಾರ್ಡ್‌ನಲ್ಲಿ ಸಿಕ್ಕ ಸುಮಾರು 1,20,000 ವರ್ಷ ಹಿಂದಿನ ಜಿಂಕೆಯ ಸೊಂಟದ ಮೂಳೆಯಲ್ಲಿ ಒಂದು ದುಂಡನೆಯ ತೂತಿದೆ. ಅದರ ಅಂಚಿನಲ್ಲಿ ಮೂಳೆ ವಾಸಿಯಾದ ಗುರುತಿಲ್ಲ, ಅಂದರೆ ಏಟು ಬಿದ್ದ ಮೇಲೆ ಜಿಂಕೆ ಹೆಚ್ಚು ದಿನ ಬದುಕಲಿಲ್ಲ. ಸಂಶೋಧಕರು ಮರದ ಭರ್ಜಿಯಿಂದ ಮೂಳೆಗೆ ತಿವಿದು ನೋಡಿ, 2018ರಲ್ಲಿ ಬರೆದರು: ಇದು ದೂರದಿಂದ ಎಸೆದದ್ದಲ್ಲ, ಹತ್ತಿರ ಹೋಗಿ ತಿವಿದದ್ದು. ಯೋಚನೆ ಮಾಡು, ಜೀವ ಇರುವ ಜಿಂಕೆಗೆ ಅಷ್ಟು ಹತ್ತಿರ ಹೋಗಬೇಕು!

ಹಲ್ಲನ್ನೂ ಬಿಡಬೇಡ. ನಮ್ಮ ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದ್ದು ಅಂತ ವಯಸ್ಸು ಹೇಳುತ್ತಾರಲ್ವಾ? ಆ ಲೆಕ್ಕವೇ ಇಲ್ಲೂ: ಸತ್ತವುಗಳ ವಯಸ್ಸು ನೋಡಿದರೆ ಬೇಟೆ ಹೇಗೆ ನಡೆಯಿತು ಅಂತ ಸುಳಿವು ಸಿಗುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಸುಮಾರು 10,000 ವರ್ಷದ ಹಿಂದೆ ಬೇಟೆಗಾರರು ಒಂದು ಕೊರಕಲಿಗೆ ಅಟ್ಟಿ ಬೀಳಿಸಿದ ಸುಮಾರು 190 ಬೈಸನ್ ಎಂಬ ಕಾಡುದನಗಳಲ್ಲಿ ಗಂಡು, ಹೆಣ್ಣು, ಎಳೆಗರು ಎಲ್ಲವೂ ಇದ್ದವು. ಇಡೀ ಹಿಂಡೇ ಬಿದ್ದಿತ್ತು. ಅಡಿಯಲ್ಲಿ ಸಿಕ್ಕಿಕೊಂಡ ಕೆಲವನ್ನು ಕೊಯ್ಯಲೂ ಆಗಿರಲಿಲ್ಲ.

ದನದ ಡಾಕ್ಟರಿಗೆ ಇತಿಹಾಸ ಏನು ಗೊತ್ತು ಅಂತ ಯಾರಾದರೂ ಕೇಳಿದರೆ ಕೆ.ಆರ್. ಆಲೂರರ ಹೆಸರು ಹೇಳು. ಹಳ್ಳೂರಿನ ಉತ್ಖನನದ ಮೂಳೆಗಳಲ್ಲಿ ಕುದುರೆಯದನ್ನು ಗುರುತಿಸಿದ ಪಶುವೈದ್ಯರು ಅವರು.

ಯುಗಾದಿಗೆ ತಪ್ಪದೆ ಬಾ. ಹೊಸತೊಡಕಿನ ದಿನ ಎರಡು ತೊಡೆ ಮೂಳೆ ನಿನಗೆ ಎತ್ತಿಡಲು ಅಂಗಡಿಯವನಿಗೆ ಹೇಳಿದ್ದೇನೆ. ಒಂದರ ಮಾಂಸವನ್ನು ಬೆಣಚುಕಲ್ಲಿನ ಚೂರಿನಿಂದ ನೀನೇ ಬಿಡಿಸು. ಇನ್ನೊಂದನ್ನು ನಮ್ಮ ನಾಯಿಗೆ ಹಾಕೋಣ. ಬೆಳಿಗ್ಗೆ ಎರಡನ್ನೂ ತೊಳೆದು ಪಕ್ಕಪಕ್ಕ ಇಟ್ಟು ನೋಡುವೆಯಂತೆ. ಲೆನ್ಸ್ ಮರೆಯಬೇಡ.

ಇಂತಿ ನಿನ್ನ
ದೊಡ್ಡಪ್ಪ