ಬ್ರೌಸರ್‌ನಲ್ಲಿ ಎನ್‌ಕ್ರಿಪ್ಟ್ ಆದ ಇಮೇಲ್ ಓದುವ ಸೌಲಭ್ಯ ನಿಲ್ಲಿಸುವ ಕುರಿತು

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ವೆಬ್‌ಮೇಲ್ ಪುಟದಲ್ಲಿ ಎನ್‌ಕ್ರಿಪ್ಟ್ ಆದ (ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಗುಪ್ತ ರೂಪಕ್ಕೆ ಬದಲಿಸಿದ) ಪತ್ರಗಳನ್ನು ಬಿಡಿಸಿ ಓದುವ ಸೌಲಭ್ಯ ಇರುವುದಿಲ್ಲ. ಸಾಮಾನ್ಯ ಇಮೇಲ್‌ಗಳು ಎಂದಿನಂತೆ ಬ್ರೌಸರ್‌ನಲ್ಲಿಯೇ ದೊರೆಯುತ್ತವೆ. ಓಪನ್‌ಪಿಜಿಪಿ ಎಂಬ ಪದ್ಧತಿಯಲ್ಲಿ ಎನ್‌ಕ್ರಿಪ್ಟ್ ಆದ ಪತ್ರಗಳಿಗೆ ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್‌ನಂತಹ ಮೇಲ್ ತಂತ್ರಾಂಶವನ್ನು ಅಳವಡಿಸಿಕೊಳ್ಳಬೇಕಾಗುತ್ತದೆ.

ಇದರ ಕಾರಣವನ್ನು ತುಸು ವಿವರವಾಗಿಯೇ ತಿಳಿಸಬೇಕಾಗಿದೆ. ಈಗಿನ ವ್ಯವಸ್ಥೆಯಲ್ಲಿ ನಿಮ್ಮ ಖಾಸಗಿ ಕೀಲಿಯು (ಅಂದರೆ ನಿಮಗೆ ಬಂದ ಪತ್ರಗಳನ್ನು ಬಿಡಿಸಲು ಬೇಕಾದ ಗುಪ್ತ ಫೈಲ್) ನಿಮ್ಮ ಪಾಸ್‌ವರ್ಡ್‌ನ ರಕ್ಷಣೆಯಲ್ಲಿ ನಮ್ಮ ಸರ್ವರಿನಲ್ಲಿದೆ. ನೀವು ಲಾಗಿನ್ ಆದಾಗ ಆ ಕೀಲಿಯೂ ಅದನ್ನು ಬಳಸಿ ಪತ್ರವನ್ನು ಬಿಡಿಸುವ ಜಾವಾಸ್ಕ್ರಿಪ್ಟ್ ಕೋಡ್ ಸಹ ಬ್ರೌಸರಿಗೆ ಬರುತ್ತವೆ. ಮುಂದಿನ ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವುದರಿಂದ ಪಾಸ್‌ವರ್ಡ್ ನಮಗೆ ತಲುಪುವುದಿಲ್ಲ. ಆದರೆ ಆ ಕೋಡನ್ನು ಕಳುಹಿಸುವವರು ನಾವೇ, ಮತ್ತು ಅದನ್ನು ಯಾವ ಕ್ಷಣದಲ್ಲಾದರೂ ಬದಲಿಸಬಲ್ಲವರೂ ನಾವೇ. ನೀವು ಟೈಪ್ ಮಾಡಿದ ಪಾಸ್‌ವರ್ಡನ್ನು ಸರ್ವರಿಗೆ ರವಾನಿಸುವ ಒಂದೇ ಒಂದು ಸಾಲನ್ನು ಒಬ್ಬ ಗ್ರಾಹಕರಿಗೆ ಮಾತ್ರ, ಒಂದು ದಿನದ ಮಟ್ಟಿಗೆ ಸೇರಿಸಿ ಮರುದಿನ ತೆಗೆದುಬಿಟ್ಟರೆ ಅದರ ಸುಳಿವು ಯಾರಿಗೂ ಹತ್ತುವುದಿಲ್ಲ. ಬ್ರೌಸರಿನಲ್ಲಿ ಪುಟದ ವಿಳಾಸದ ಪಕ್ಕ ಕಾಣುವ ಬೀಗದ ಚಿಹ್ನೆಯೂ ಇಲ್ಲಿ ನೆರವಾಗದು. ಪುಟವು ನಮ್ಮಿಂದಲೇ ಬಂದಿದೆ, ದಾರಿಯಲ್ಲಿ ಕೆಟ್ಟಿಲ್ಲ ಎಂಬುದಷ್ಟೇ ಅದರ ಭರವಸೆ.

ನಾವು ಹಾಗೆ ಮಾಡುವುದಿಲ್ಲವೆಂಬುದು ನಿಜ. ಆದರೆ ಸರ್ವರಿಗೆ ನುಗ್ಗಿದವರು ಮಾಡಬಹುದು, ನ್ಯಾಯಾಲಯದ ಆದೇಶ ನಮ್ಮಿಂದ ಮಾಡಿಸಬಹುದು. ಎನ್‌ಕ್ರಿಪ್ಟ್ ಆದ ಇಮೇಲ್ ಸೇವೆ ನೀಡುವ ಕೆನಡಾದ ಹಶ್‌ಮೇಲ್ ಸಂಸ್ಥೆಯು ನ್ಯಾಯಾಲಯದ ಆದೇಶದ ಮೇರೆಗೆ ಕೆಲವು ಗ್ರಾಹಕರ ಪತ್ರಗಳನ್ನು ಓದಬಲ್ಲ ರೂಪದಲ್ಲಿ ಒಪ್ಪಿಸಿದ್ದು 2007ರಲ್ಲಿ ಬಹಿರಂಗವಾಯಿತು. ಅಲ್ಲಿನ ವ್ಯವಸ್ಥೆ ನಮ್ಮದಕ್ಕಿಂತ ಭಿನ್ನವಾಗಿತ್ತು ಎಂದು ವಾದಿಸಬಹುದಾದರೂ, ಪತ್ರ ತೆರೆಯುವ ಸಾಮರ್ಥ್ಯವೇ ನಮ್ಮ ಕೈಯಲ್ಲಿ ಇರದಂತೆ ನೋಡಿಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ.

ಕಂಪ್ಯೂಟರಿನಲ್ಲಿ ಅಳವಡಿಸಿದ ತಂತ್ರಾಂಶವು ಪತ್ರ ತೆರೆದಾಗಲೆಲ್ಲ ಹೊಸದಾಗಿ ಇಳಿದು ಬರುವುದಿಲ್ಲ. ಎಲ್ಲರಿಗೂ ಸಿಗುವುದು ಒಂದೇ ಆವೃತ್ತಿ, ಅದರ ಮೂಲ ಕೋಡನ್ನು ಬಲ್ಲವರು ಪರಿಶೀಲಿಸಬಹುದು. ಹಾಗೆಂದು ಅದು ದೋಷರಹಿತವೇನಲ್ಲ. 2018ರಲ್ಲಿ ಸಂಶೋಧಕರು ತೋರಿಸಿದ ಈಫೇಲ್ ದಾಳಿಯಲ್ಲಿ, ಬಿಡಿಸಿದ ಪಠ್ಯವು ಹೊರಗಿನ ಚಿತ್ರವೊಂದರ ವಿಳಾಸದೊಳಗೆ ಸೇರಿ ದಾಳಿಕೋರನ ಸರ್ವರಿಗೆ ಹೋಗುತ್ತಿತ್ತು. ಆದ್ದರಿಂದ ಪತ್ರಗಳಲ್ಲಿ ಹೊರಗಿನ ಚಿತ್ರಗಳು ತಾವಾಗಿಯೇ ತೆರೆಯದಂತೆ ಇಡಿ. ಯಾರು ಯಾರಿಗೆ ಯಾವಾಗ ಬರೆದರು ಎಂಬುದಂತೂ ಎರಡೂ ವಿಧಾನಗಳಲ್ಲಿ ಗುಟ್ಟಾಗಿ ಉಳಿಯುವುದಿಲ್ಲ.

ನಿಮ್ಮ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಖಾಸಗಿ ಕೀಲಿಯನ್ನು ಡೌನ್‌ಲೋಡ್ ಮಾಡಿಕೊಂಡು ಹೊಸ ತಂತ್ರಾಂಶಕ್ಕೆ ಸೇರಿಸಿ, ಎರಡೂ ಕಡೆ ಕಾಣುವ 40 ಅಕ್ಷರಗಳ ಫಿಂಗರ್‌ಪ್ರಿಂಟ್ (ಕೀಲಿಯನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು) ಒಂದೇ ಆಗಿದೆಯೇ ಎಂದು ಸರಿನೋಡಿ. ಹಳೆಯ ಎನ್‌ಕ್ರಿಪ್ಟ್ ಆದ ಪತ್ರವೊಂದು ಅಲ್ಲಿ ತೆರೆದುಕೊಂಡರೆ ಕೆಲಸ ಮುಗಿದಂತೆ. ಸೌಲಭ್ಯ ನಿಂತ 3 ತಿಂಗಳ ನಂತರ ಸರ್ವರಿನಲ್ಲಿಯೂ ಬ್ಯಾಕಪ್‌ಗಳಲ್ಲಿಯೂ ಇರುವ ಎಲ್ಲ ಖಾಸಗಿ ಕೀಲಿಗಳನ್ನು ಅಳಿಸಲಾಗುವುದು. ಆ ಬಳಿಕ ಕೀಲಿ ಕಳೆದುಕೊಂಡವರ ಪತ್ರಗಳನ್ನು ನಾವೂ ತೆರೆದುಕೊಡಲಾರೆವು. ಪರರ ಕಂಪ್ಯೂಟರಿನಲ್ಲಿ ಕುಳಿತು ಇಂತಹ ಪತ್ರ ಓದುವ ಅನುಕೂಲ ತಪ್ಪುತ್ತದೆ ಎಂಬುದನ್ನು ಬಲ್ಲೆವು, ಆದರೂ ಆ ರೂಢಿಯನ್ನು ನಾವು ಎಂದೂ ಪ್ರೋತ್ಸಾಹಿಸಿದವರಲ್ಲ.

ಈ ಪತ್ರದಲ್ಲಿ ಉದ್ದೇಶಪೂರ್ವಕವಾಗಿಯೇ ಯಾವ ಲಿಂಕನ್ನೂ ನೀಡಿಲ್ಲ. ಈ ಬದಲಾವಣೆಯ ನೆಪದಲ್ಲಿ ಯಾರಾದರೂ ನಿಮ್ಮ ಪಾಸ್‌ವರ್ಡ್ ಅಥವಾ ಕೀಲಿಯ ಫೈಲ್ ಕೇಳಿದರೆ ಅದು ನಮ್ಮಿಂದ ಬಂದುದಲ್ಲ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕ ಸೇವಾ ವಿಭಾಗ