ಸರ್ಟಿಫಿಕೇಟ್ ಬಂದ ಮೇಲಿನ ಎರಡು ವರ್ಷ

ಕಲಬುರಗಿ

ಚಿ. ಮಲ್ಲಿಕಾರ್ಜುನನಿಗೆ ನಿನ್ನ ಮಾಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಐಟಿಐ ಪ್ಲಂಬರ್ ಮುಗಿಸಿ, ಅದರ ಮೇಲೊಂದು ಗ್ಯಾಸ್ ಫಿಟಿಂಗ್ ಕೋರ್ಸನ್ನೂ ಪಾಸಾದೆಯಂತೆ, ಸಂತೋಷ. ಬೀದರಿನಲ್ಲಿ ಇಬ್ಬರು ಗುತ್ತಿಗೆದಾರರು ಕರೆಯುತ್ತಿದ್ದಾರೆ, ಒಬ್ಬ ಕನೆಕ್ಷನ್‌ಗೆ ಇಷ್ಟು ಅಂತ ದುಡ್ಡು ಕೊಡುತ್ತಾನೆ, ಇನ್ನೊಬ್ಬ ಕಡಿಮೆ ಪಗಾರದ ಮೇಲೆ ಹಳೇ ಮೇಸ್ತ್ರಿಯ ಕೈಕೆಳಗೆ ಇಟ್ಟುಕೊಳ್ಳುತ್ತಾನೆ, ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀ. ಎರಡನೆಯವನ ಹತ್ತಿರ ಹೋಗು. ಕನೆಕ್ಷನ್ ಲೆಕ್ಕದ ಕೆಲಸದಲ್ಲಿ ಮೊದಲು ಕತ್ತರಿ ಬೀಳುವುದು ಟೆಸ್ಟಿಂಗ್‌ಗೆ. ಕ್ಲ್ಯಾಂಪ್ ಹಾಕದೆ ಬಿಟ್ಟರೆ ಮನೆಯವರಿಗೆ ಕಾಣುತ್ತದೆ. ಟೆಸ್ಟ್ ಮಾಡದೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ನೀನು ಇಷ್ಟು ದಿನ ಕಲಿತದ್ದು ಬೆಂಚಿನ ಮೇಲೆ, ಹೊಸ ಪೈಪಿನಲ್ಲಿ, ಅದೂ ಗ್ಯಾಸ್ ಇಲ್ಲದೆ.

ಬ್ರಿಟನ್ನಿನಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ಅಧಿಕೃತ ಪಟ್ಟಿಯಲ್ಲಿ ಹೆಸರಿಲ್ಲದವರು ಗ್ಯಾಸ್ ಫಿಟಿಂಗ್ ದಂಧೆ ಮಾಡುವಂತಿಲ್ಲ, ಮಾಡಿದರೆ ಅಪರಾಧ. ಈ ರಿಜಿಸ್ಟರ್ ಬಂದದ್ದು 2009ರಲ್ಲಿ, ಅದಕ್ಕೂ ಮೊದಲು ಕಾರ್ಗಿ ಎಂಬ ಪಟ್ಟಿಯಿತ್ತು. ಹೊಸಬನಾದರೆ ನೋಂದಾಯಿತ ಎಂಜಿನಿಯರ್ ಜೊತೆ ನಿಜವಾದ ಮನೆಗಳಲ್ಲಿ ಮಾಡಿದ ಕೆಲಸದ ದಾಖಲೆ ತೋರಿಸಬೇಕು. ಪಾಸಾದ ಮೇಲೂ ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಹೆಸರು ಸೇರಿದವನಿಗೆ ಕೊಡುವ ಕಾರ್ಡಿನ ಹಿಂಬದಿ ಯಾವ ಯಾವ ಕೆಲಸಕ್ಕೆ ಅರ್ಹ ಎಂದು ಬರೆದಿರುತ್ತದೆ. ಒಲೆಗೆ ಪಾಸಾದವನು ಬಾಯ್ಲರ್ ಮುಟ್ಟುವಂತಿಲ್ಲ. ಇಷ್ಟೆಲ್ಲ ಇದ್ದೂ, ಚುಟುಕು ಕೋರ್ಸ್ ಮಾಡಿ ಬಂದವರ ಕೈ ಪಳಗಿರುವುದಿಲ್ಲ ಎಂಬ ಗೊಣಗಾಟ ಅಲ್ಲೂ ತಪ್ಪಿಲ್ಲ. ನಿನ್ನ ಕಾರ್ಡಿನ ಹಿಂಬದಿಯನ್ನು ನೀನೇ ಬರೆದುಕೊಳ್ಳಬೇಕು. ಒಂದು ನೋಟ್‌ಬುಕ್ ಇಡು. ತಾರೀಖು, ಏನು ಕೆಲಸ, ಒತ್ತಡ ಎಷ್ಟಿತ್ತು, ಏನು ಕೆಟ್ಟಿತ್ತು, ಯಾಕೆ. ಕೆಳಗೆ ಮೇಸ್ತ್ರಿಯ ಸಹಿ.

ಮೊದಲು ಮ್ಯಾನೋಮೀಟರ್, ಅಂದರೆ ಗ್ಯಾಸಿನ ಒತ್ತಡ ಅಳೆಯುವ ಸಾಧನ, ಓದುವುದನ್ನು ಕಲಿ. ನೀರು ತುಂಬಿದ ಯು ಆಕಾರದ ನಳಿಗೆಯೇ ಸಾಕು, ಡಿಜಿಟಲ್ ಆಮೇಲೆ ನೋಡೋಣ. ಎರಡೂ ಕಡೆ ನೀರು ಸೊನ್ನೆಗೆ ಸಮ ಮಾಡಿ ಪೈಪಿಗೆ ಜೋಡಿಸು. ಒಂದು ಕಡೆ ನೀರು ಇಳಿಯುತ್ತದೆ, ಇನ್ನೊಂದು ಕಡೆ ಏರುತ್ತದೆ. ಎರಡನ್ನೂ ಕೂಡಿಸಿದರೆ ಒತ್ತಡ. ಹೊಸ ಹುಡುಗರು ಏರಿದ್ದನ್ನಷ್ಟೇ ಓದಿ ಅರ್ಧ ಲೆಕ್ಕ ಬರೆದುಬಿಡುತ್ತಾರೆ. ಮನೆಯ ಎಲ್‌ಪಿಜಿ ರೆಗ್ಯುಲೇಟರ್ ಕೊಡುವುದು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಒತ್ತಡ, ಅಂದರೆ 300 ಮಿ.ಮೀ. ನೀರು: 150 ಕೆಳಗೆ, 150 ಮೇಲೆ. ಪೈಪ್ ಗ್ಯಾಸ್, ಅಂದರೆ ಪೈಪಿನಲ್ಲೇ ಮನೆಗೆ ಬರುವ ನೈಸರ್ಗಿಕ ಅನಿಲ, ಮನೆಯೊಳಗೆ 21 ಮಿಲಿಬಾರ್ (ಇದೂ ಒತ್ತಡದ ಅಳತೆಯೇ), ಸುಮಾರು 214 ಮಿ.ಮೀ. ನೀರು.

ಪೈಪ್ ಗ್ಯಾಸಿನ ಸೋರಿಕೆ ಪರೀಕ್ಷೆಗೆ ಬ್ರಿಟನ್ನಿನವರ ಕ್ರಮ ನನಗೆ ಮೆಚ್ಚಿಗೆ. ಒಲೆಯ ನಾಬ್‌ಗಳನ್ನು ಬಂದ್ ಮಾಡಿ, ಒಳಬರುವ ವಾಲ್ವನ್ನು ನಿಧಾನ ತೆರೆದು 10 ಮಿಲಿಬಾರ್‌ವರೆಗೆ ಏರಿಸಿ ಮುಚ್ಚು. ಒಂದು ನಿಮಿಷ ನೋಡು. ನೀರು ಏರತೊಡಗಿದರೆ ನೀನು ಮುಚ್ಚಿದ ವಾಲ್ವೇ ಗ್ಯಾಸ್ ಬಿಡುತ್ತಿದೆ. ಅಂಥ ವಾಲ್ವ್ ಇಟ್ಟುಕೊಂಡು ಮುಂದಿನ ಪರೀಕ್ಷೆ ಮಾಡಿದರೆ ಅದು ಸುಳ್ಳು ಪರೀಕ್ಷೆ, ಪೈಪ್ ಸೋರಿದಷ್ಟನ್ನು ವಾಲ್ವ್ ತುಂಬಿಕೊಡುತ್ತಿರುತ್ತದೆ. ಅಲುಗದಿದ್ದರೆ 20ಕ್ಕೆ ಏರಿಸಿ ಮುಚ್ಚಿ, ಒಂದು ನಿಮಿಷ ಗ್ಯಾಸಿನ ಕಾವು ಸಮವಾಗಲು ಬಿಟ್ಟು, ಆಮೇಲೆ ಎರಡು ನಿಮಿಷ ಕಣ್ಣು ಕೀಳದೆ ನೋಡು. ಹೊಸ ಪೈಪಿನಲ್ಲಿ ಕೂದಲೆಳೆಯಷ್ಟೂ ಇಳಿಯಬಾರದು. ನಿನ್ನ ಕಂಪನಿ ಇದಕ್ಕಿಂತ ಹೆಚ್ಚು ಹೊತ್ತು ಕೇಳಿದರೆ ಕಂಪನಿಯ ನಿಯಮವೇ ನಿಯಮ.

ನಮ್ಮ ಕಡೆ ಇದಕ್ಕೊಂದು ತೊಡಕಿದೆ, ಬಿಸಿಲು. ಮುಚ್ಚಿದ ಪೈಪಿನಲ್ಲಿ ಗಾಳಿಯೋ ಗ್ಯಾಸೋ ಒಂದು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 3 ಮಿಲಿಬಾರ್, ಅಂದರೆ 30 ಮಿ.ಮೀ. ಏರುತ್ತದೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಗೆ ಪೂರ್ವದ ಗೋಡೆಯ ಮೇಲಿನ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪನ್ನು ಟೆಸ್ಟ್ ಮಾಡಿದರೆ ಸೋರುವ ಪೈಪೂ ಪಾಸಾಗುತ್ತದೆ. ಸಂಜೆ ಗೋಡೆ ತಣ್ಣಗಾಗುವಾಗ ಮಾಡಿದರೆ ಒಳ್ಳೆಯ ಪೈಪೂ ಫೇಲಾಗಿ, ಎಲ್ಲ ಜಾಯಿಂಟ್ ಬಿಚ್ಚಿ ಕೂರುತ್ತೀ. ಬಿಸಿಲೇರುವ ಮೊದಲೇ ಮುಗಿಸು.

ಜಾಯಿಂಟಿನ ವಿಷಯದಲ್ಲಿ ನೀರಿನ ಕೆಲಸದ ರೂಢಿಯನ್ನು ಮನೆಯಲ್ಲೇ ಬಿಟ್ಟು ಹೋಗು. ಸಣಬಿನ ನಾರು, ಬಿಳಿ ಬಣ್ಣ ನೀರಿಗೆ ಸರಿ. ನಾರು ನೀರಿನಲ್ಲಿ ಉಬ್ಬಿ ಸಂದು ಮುಚ್ಚುತ್ತದೆ, ಗ್ಯಾಸಿನಲ್ಲಿ ಒಣಗಿ ಬಿಟ್ಟುಕೊಳ್ಳುತ್ತದೆ. ಗ್ಯಾಸಿಗೆಂದೇ ಬರುವ ದಪ್ಪ ಟೇಪ್ ಬಳಸು. ಪೈಪಿನ ಆಟೆ (ತಿರುಪಿನ ಗೀರು) ತಿರುಗುವ ದಿಕ್ಕಿಗೇ ಸುತ್ತು, ತುದಿಯ ಮೊದಲ ಆಟೆ ಬರಿದಾಗಿರಲಿ. ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಬಿದ್ದು ಒಲೆಯ ಜೆಟ್ಟಿನಲ್ಲಿ, ಅಂದರೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಬಿರಡೆಯಲ್ಲಿ, ಕೂರುತ್ತದೆ. ಎಲ್ಬೋ (ಪೈಪಿನ ಮೂಲೆ ತಿರುವಿನ ತುಂಡು) ಬಿಗಿದ ಮೇಲೆ ಮುಖ ಸರಿಬರಲಿಲ್ಲ ಎಂದು ಕಾಲು ಸುತ್ತು ಹಿಂದಕ್ಕೆ ತಿರುಗಿಸುವ ಚಾಳಿ ಬಹಳ ಜನಕ್ಕಿದೆ. ಹಾಗೆ ಮಾಡಿದ ಜಾಯಿಂಟ್ ಇವತ್ತಲ್ಲ ನಾಳೆ ಸೋರುತ್ತದೆ. ಬಿಚ್ಚಿ, ಆಟೆ ಒರೆಸಿ, ಹೊಸ ಟೇಪ್ ಸುತ್ತಿ ಮತ್ತೆ ಕೂರಿಸು. ಸೋಪಿನ ನೊರೆ ಹಚ್ಚಿ ನೋಡು. ಕಡ್ಡಿ ಗೀರಿ ನೋಡುವವನು ಎಷ್ಟೇ ಹಳಬನಾಗಿದ್ದರೂ ಅವನ ಹಿಂದೆ ನಿಲ್ಲಬೇಡ.

ಸಿಲಿಂಡರ್ ಸೋರುತ್ತಿದೆ ಎಂಬ ದೂರು ಬಂದರೆ ಎರಡು ಬೇರೆ ಬೇರೆ ಕೇಡುಗಳನ್ನು ಬೇರ್ಪಡಿಸು. ರೆಗ್ಯುಲೇಟರ್ ತೆಗೆದು ವಾಲ್ವಿನ ಬಾಯಿಗೆ ನಾಲ್ಕು ಹನಿ ನೀರು ಬಿಟ್ಟಾಗ ಗುಳ್ಳೆ ಬಂದರೆ ಒಳಗಿನ ಪಿನ್ ಕೂರುತ್ತಿಲ್ಲ. ಗುಳ್ಳೆ ಬಾರದೆ, ರೆಗ್ಯುಲೇಟರ್ ಹಾಕಿ ಆನ್ ಮಾಡಿದ ಮೇಲಷ್ಟೇ ವಾಲ್ವಿನ ಬಳಿ ಬುಸ್ ಎಂದರೆ ಮೊದಲ ಅನುಮಾನ ವಾಲ್ವಿನೊಳಗಿನ ರಬ್ಬರ್ ಉಂಗುರವಾದ ಓ-ರಿಂಗಿನ ಮೇಲೆ. ಪಿನ್ ಕೆಟ್ಟಿದ್ದರೆ ರಿಪೇರಿಗೆ ಹೋಗಬೇಡ. ಸೇಫ್ಟಿ ಕ್ಯಾಪ್ ಬಿಗಿಯಾಗಿ ಹಾಕಿ, ಸಿಲಿಂಡರನ್ನು ನೆಟ್ಟಗೇ ಎತ್ತಿ ಬಯಲಿಗೆ ಒಯ್ದು, ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿಸು. ಗಟಾರದ ಬಳಿ ಇಡಬೇಡ, ಎಲ್‌ಪಿಜಿ ಗಾಳಿಗಿಂತ ಭಾರ, ಇಳಿದು ಅಲ್ಲೇ ಕೂರುತ್ತದೆ. ಪೈಪ್ ಗ್ಯಾಸ್ ಹಗುರ, ಮೇಲೇರಿ ಛಾವಣಿಯ ಕೆಳಗೆ ಸೇರುತ್ತದೆ. ವಾಸನೆ ಹಿಡಿಯುವಾಗ ಎಲ್ಲಿ ಬಗ್ಗಬೇಕು, ಎಲ್ಲಿ ಏಣಿ ಹಾಕಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ. ಮೂಗನ್ನು ಬಹಳ ಹೊತ್ತು ನಂಬಬೇಡ, ಸ್ವಲ್ಪದರಲ್ಲೇ ಅದು ವಾಸನೆಗೆ ಒಗ್ಗಿಬಿಡುತ್ತದೆ.

ಎಲ್‌ಪಿಜಿ ಒಲೆಯನ್ನು ಪೈಪ್ ಗ್ಯಾಸಿಗೆ ಬದಲಿಸುವಾಗ ಜೆಟ್ ಬದಲಿಸಲೇಬೇಕು, ಪೈಪ್ ಗ್ಯಾಸಿನ ಜೆಟ್ಟಿನ ತೂತು ದೊಡ್ಡದಿರುತ್ತದೆ. ಹಳೇ ಜೆಟ್ಟನ್ನೇ ಪಿನ್ನಿನಿಂದ ಹಿಗ್ಗಿಸುವವರನ್ನು ನೋಡುತ್ತೀ, ಕಲಿಯಬೇಡ.

ಗೀಸರ್ ಎಂದರೆ ನನಗೆ ಭಯ. ಬಚ್ಚಲೊಳಗೇ ಹಾಕಿಕೊಡು ಎಂದು ಮನೆಯವರು ಹಟ ಹಿಡಿಯುತ್ತಾರೆ, ನಮ್ಮ ಹಳೇ ಮನೆಗಳ ಬಚ್ಚಲಿಗೆ ಅಂಗೈ ಅಗಲದ ಗವಾಕ್ಷಿ ಇದ್ದರೆ ಹೆಚ್ಚು. ಗಾಳಿ ಸಾಲದೆ ಉರಿದ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ವಾಕರಿಕೆ, ಜೋಂಪು, ಆಮೇಲೆ ಬಾಗಿಲು ಒಡೆಯಬೇಕಾಗುತ್ತದೆ. ಹೊರಗೋಡೆಗೆ ಹಾಕುತ್ತೇನೆ, ಇಲ್ಲವಾದರೆ ಹಾಕುವುದಿಲ್ಲ ಎನ್ನು. ಸರ್ವಿಸ್‌ಗೆ ಹೋದಾಗ ಮೊದಲು ಉರಿ ನೋಡು. ಹಳದಿಯಾಗಿದ್ದರೆ ಒಳಗಿನ ತಾಮ್ರದ ಫಿನ್‌ಗಳ (ತೆಳು ತಗಡುಗಳ) ನಡುವೆ ಮಸಿ ಕಟ್ಟಿದೆಯೇ, ಬರ್ನರಿನಲ್ಲಿ ಜೇಡರಬಲೆ ಇದೆಯೇ ಎಂದು ಬಿಚ್ಚಿ ನೋಡು. ನೀರು ಸಣ್ಣಗೆ ಬರುತ್ತಿದ್ದರೆ ಅದು ಬೇರೆ ರೋಗ, ನಮ್ಮ ಗಡಸು ಬೋರ್ ನೀರಿನ ಸುಣ್ಣ ಒಳಗಿನ ಕೊಳವೆಗೆ ಕಟ್ಟಿರುತ್ತದೆ.

ಸೇರುವ ಮೊದಲು ಆ ಗುತ್ತಿಗೆದಾರರನ್ನು ಎರಡು ಮಾತು ಕೇಳು. ಟೆಸ್ಟ್ ರಿಪೋರ್ಟಿಗೆ ಸಹಿ ಹಾಕುವವರು ಟೆಸ್ಟ್ ನಡೆಯುವಾಗ ಮನೆಯಲ್ಲಿರುತ್ತಾರೋ, ಆಫೀಸಿನಲ್ಲಿರುತ್ತಾರೋ? ಒತ್ತಡ ಅಳೆಯುವ ಗೇಜನ್ನು ಕೊನೆಯ ಸಲ ಕ್ಯಾಲಿಬ್ರೇಟ್ ಮಾಡಿಸಿದ, ಅಂದರೆ ಅಳತೆ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿದ, ಕಾಗದ ತೋರಿಸುತ್ತಾರೋ? ತಡವರಿಸಿದರೆ ನನಗೆ ಫೋನ್ ಮಾಡು, ಕಲಬುರಗಿಯಲ್ಲೇ ಜಾಗ ನೋಡೋಣ.

ಅವ್ವಗೆ, ಅಪ್ಪಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಮಾಮಾ